ಗಣಕಶಿಲ್ಪದಲ್ಲಿ ಮಾನವಾಕೃತಿ ಮತ್ತು ವಸ್ತ್ರದ ಮಡಿಕೆ: ಒಂದು ಚಾರಿತ್ರಿಕ ಅವಲೋಕನ

ಪ್ರವೇಶ

ಮಾನವಾಕೃತಿಯ ಶಿಲ್ಪವನ್ನು ಕುರಿತ ಅಧ್ಯಯನಗಳಲ್ಲಿ ಭಂಗಿ, ಮುದ್ರೆ, ತಾಲಮಾನ ಮತ್ತು ಆಭರಣಗಳಿಗೆ ದೊರೆತಷ್ಟು ಗಮನ ವಸ್ತ್ರಕ್ಕೆ ದೊರೆತಿಲ್ಲ. ಶಿಲ್ಪವೊಂದರ ಕಾಲವನ್ನು ನಿರ್ಣಯಿಸುವ ಸಂದರ್ಭದಲ್ಲಿ ಉಡುಗೆಯ ಮಾತು ಬರುವುದುಂಟು. ಆದರೆ ಬಟ್ಟೆಯ ಮಡಿಕೆಯನ್ನು ಶಿಲ್ಪಿ ಹೇಗೆ ಕಂಡ, ಅದನ್ನು ತನ್ನ ಮಾಧ್ಯಮದಲ್ಲಿ ಹೇಗೆ ರೂಪಿಸಿದ ಎಂಬ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. ಕಳೆದ ಕೆಲವು ದಶಕಗಳಲ್ಲಿ ಬೆಳೆದುಬಂದ ಗಣಕಶಿಲ್ಪವು ಈ ಪ್ರಶ್ನೆಯನ್ನು ಮತ್ತೆ ಮುನ್ನೆಲೆಗೆ ತಂದಿದೆ. ಗಣಕಯಂತ್ರದ ತೆರೆಯ ಮೇಲೆ, ಕೈಯ ಒತ್ತಡವನ್ನು ಗ್ರಹಿಸುವ ಲೇಖನಿಯ ನೆರವಿನಿಂದ, ಜೇಡಿಮಣ್ಣನ್ನು ಒತ್ತಿ ತಿದ್ದುವ ರೀತಿಯಲ್ಲಿಯೇ ಆಕೃತಿಯನ್ನು ರೂಪಿಸುವ ಕಲೆಯನ್ನು ಇಲ್ಲಿ ಗಣಕಶಿಲ್ಪ ಎಂದು ಕರೆಯಲಾಗಿದೆ. ಚಲನಚಿತ್ರ, ಗಣಕ ಆಟ, ಸ್ಮಾರಕ ಪ್ರತಿಮೆ, ವಸ್ತುಸಂಗ್ರಹಾಲಯದ ಪ್ರತಿಕೃತಿ ಮುಂತಾದ ಹಲವು ಕ್ಷೇತ್ರಗಳಲ್ಲಿ ಈ ಕಲೆ ಬಳಕೆಯಲ್ಲಿದೆ.

ಬಟ್ಟೆಗೆ ತನ್ನದೇ ಆದ ಸ್ಥಿರ ಆಕಾರವಿಲ್ಲ. ಅದನ್ನು ಎತ್ತಿ ಹಿಡಿಯುವ ದೇಹದ ಉಬ್ಬು, ಒಂದೆಡೆಯಿಂದ ಇನ್ನೊಂದೆಡೆಗೆ ಎಳೆಯುವ ಚಲನೆ, ಕೆಳಕ್ಕೆ ಸೆಳೆಯುವ ಸ್ವಂತ ಭಾರ ಹಾಗೂ ನೇಯ್ಗೆಯ ಪೆಡಸುತನ ಇವೆಲ್ಲ ಸೇರಿ ಅದಕ್ಕೆ ಆಕಾರ ಕೊಡುತ್ತವೆ. ಹೀಗಾಗಿ ಪ್ರತಿಯೊಂದು ಮಡಿಕೆಗೂ ಒಂದು ಕಾರಣವಿರುತ್ತದೆ. ಕನ್ನಡದ ದಿನಬಳಕೆಯ ಮಾತು ಈ ವಿಷಯದಲ್ಲಿ ಒಂದು ಉಪಯುಕ್ತವಾದ ಭೇದವನ್ನು ಗುರುತಿಸಿದೆ. ಉಡುವವರು ಕೈಯಿಂದ ಅಳೆದು, ಒಂದರ ಮೇಲೊಂದು ಜೋಡಿಸಿ ಹಿಡಿಯುವುದು ನಿರಿಗೆ. ಉಟ್ಟ ಮೇಲೆ ದೇಹದ ಬಾಗು ಬಳುಕುಗಳಿಂದ ತಾನಾಗಿ ಬೀಳುವುದು ಸುಕ್ಕು. ಮೊದಲನೆಯದು ಉದ್ದೇಶಪೂರ್ವಕ; ಎರಡನೆಯದು ಪರಿಣಾಮ. ಶಿಲೆಯ ಪರಂಪರೆಯಿಂದ ಗಣಕದವರೆಗಿನ ಇತಿಹಾಸವನ್ನು ಈ ಭೇದದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶಿಲಾಪರಂಪರೆಯ ಎರಡು ಮಾರ್ಗಗಳು

ಭಾರತದ ಶಿಲ್ಪದಲ್ಲಿ ವಸ್ತ್ರವನ್ನು ನಿರೂಪಿಸುವ ಭಿನ್ನ ಕ್ರಮಗಳು ಬುದ್ಧಪ್ರತಿಮೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕ್ರಿಸ್ತಶಕದ ಆರಂಭದ ಶತಮಾನಗಳ ಗಾಂಧಾರ ಶಿಲ್ಪಗಳಲ್ಲಿ ಎರಡೂ ಭುಜಗಳನ್ನು ಮುಚ್ಚಿದ ದಪ್ಪನೆಯ ಸಂಘಾಟಿಯು ಆಳವಾದ ಮಡಿಕೆಗಳೊಡನೆ ಇಳಿಯುತ್ತದೆ. ಇಲ್ಲಿ ಗ್ರೀಕ್ ಹಾಗೂ ರೋಮನ್ ಶಿಲ್ಪದ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ. ಗುಪ್ತರ ಕಾಲದ ಮಥುರೆಯ ನಿಂತ ಬುದ್ಧರಲ್ಲಿ ಮಡಿಕೆಗಳು ದಾರ ಎಳೆದಂತೆ ಸಮಾನಾಂತರವಾದ ಸಣ್ಣ ಏಣುಗಳಾಗಿ ಮಾರ್ಪಡುತ್ತವೆ. ಐದನೆಯ ಶತಮಾನದ ಸಾರನಾಥದಲ್ಲಿ ಅವು ಬಹುತೇಕ ಮಾಯವಾಗಿ, ಕೊರಳು ಮತ್ತು ಅಂಚಿನ ಗೆರೆಗಳಿಂದ ಮಾತ್ರ ಬಟ್ಟೆಯ ಇರವು ತಿಳಿಯುತ್ತದೆ. ಚುನಾರ್ ಮರಳುಗಲ್ಲಿನ ಧರ್ಮಚಕ್ರಪ್ರವರ್ತನ ಬುದ್ಧನಲ್ಲಿ ವಸ್ತ್ರವು ದೇಹದ ಮೇಲ್ಮೈಯೊಡನೆ ಒಂದಾಗಿಬಿಟ್ಟಿದೆ. ಗಾಂಧಾರದಿಂದ ಸಾರನಾಥದವರೆಗಿನ ಈ ಬದಲಾವಣೆಯನ್ನು ಕೌಶಲದ ಕುಸಿತವೆಂದು ಯಾರೂ ಭಾವಿಸುವುದಿಲ್ಲ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆಯ ಬದಲಾವಣೆ ಅದು.

ಕರ್ನಾಟಕದ ಹೊಯ್ಸಳ ಶಿಲ್ಪ ಇದಕ್ಕೆ ಇನ್ನೊಂದು ನಿದರ್ಶನ. ಕ್ರಿ.ಶ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಹಾರಗಳು, ಡಾಬು, ಕೈಬಳೆಗಳು, ಮೇಲಿನ ಲತಾತೋರಣಗಳು ಹಿಂಬದಿಯ ಕಲ್ಲಿನಿಂದ ಬಿಡಿಸಿಕೊಂಡಂತೆ ಕೊರೆಯಲ್ಪಟ್ಟಿವೆ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದ ಬಳಿಕ ಗಟ್ಟಿಯಾಗುವ ಬಳಪದ ಕಲ್ಲು ಇಂತಹ ಸೂಕ್ಷ್ಮ ಕೆಲಸಕ್ಕೆ ಒದಗಿತು. ಆದರೆ ಅದೇ ಶಿಲ್ಪಿಗಳು ಬಟ್ಟೆಯನ್ನು ಅಂಚಿನ ಪಟ್ಟಿ, ತೆಳುವಾದ ಸಮಾನಾಂತರ ಗೆರೆ ಮತ್ತು ಕಾಲುಗಳ ನಡುವೆ ಇಳಿಬಿದ್ದ ನಿರಿಗೆಯ ತುದಿ ಇವುಗಳಿಂದಷ್ಟೇ ಸೂಚಿಸಿದರು. ಕಲ್ಲಿನಲ್ಲಿ ಆಳವಾದ ಕೊರೆತ ಸಾಧ್ಯವಿದ್ದೂ ತೊಡೆಯ ಮೇಲೆ ಸುಕ್ಕು ಕಾಣುವುದಿಲ್ಲವೆಂದರೆ, ಅದನ್ನು ಬೇಕೆಂದೇ ಬಿಡಲಾಗಿದೆ ಎಂದು ತಿಳಿಯಬೇಕಾಗುತ್ತದೆ. ಹೊಯ್ಸಳ ಶಿಲ್ಪಿ ನಿರಿಗೆಯನ್ನು ಕೆತ್ತಿದ; ಸುಕ್ಕನ್ನು ಕೈಬಿಟ್ಟ. ದೇಹದ ಪ್ರಮಾಣವನ್ನು ತಾಲಮಾನ ನಿರ್ಧರಿಸಿದಂತೆ, ವಸ್ತ್ರದ ನಿರೂಪಣೆಯನ್ನು ಪರಂಪರೆಯ ಒಪ್ಪಂದ ನಿರ್ಧರಿಸಿತು.

ಯೂರೋಪಿನ ಪರಂಪರೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸಾಗಿತು. ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಮುಂಭಾಗದ ಸ್ತ್ರೀಮೂರ್ತಿಗಳಲ್ಲಿ ಒದ್ದೆಯಾದಂತೆ ಮೈಗೆ ಅಂಟಿದ ಬಟ್ಟೆಯು ದೇಹವನ್ನು ಮುಚ್ಚುತ್ತಲೇ ಪ್ರಕಟಿಸುತ್ತದೆ. 1863ರಲ್ಲಿ ದೊರೆತು, ಬಳಿಕ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯವನ್ನು ಸೇರಿದ ಸಾಮೊತ್ರಾಕಿಯ ವಿಜಯದೇವತೆಯಲ್ಲಿ ಎದುರುಗಾಳಿಯ ರಭಸವನ್ನು ಬಟ್ಟೆಯೇ ಹೇಳುತ್ತದೆ. 1753ರಲ್ಲಿ ಜುಸೆಪ್ಪೆ ಸಾನ್‌ಮಾರ್ಟಿನೊ ನೇಪಲ್ಸಿನಲ್ಲಿ ಕೆತ್ತಿದ ಮುಸುಕು ಹೊದ್ದ ಕ್ರಿಸ್ತನ ಪ್ರತಿಮೆಯನ್ನು ಕಂಡವರು, ನಿಜವಾದ ಬಟ್ಟೆಯನ್ನೇ ರಸವಿದ್ಯೆಯಿಂದ ಕಲ್ಲಾಗಿಸಿರಬೇಕೆಂದು ಕಥೆ ಕಟ್ಟಿದರು. ಆ ಮುಸುಕೂ ಶರೀರವೂ ಒಂದೇ ಅಮೃತಶಿಲೆಯ ಖಂಡದಿಂದ ಮೂಡಿದವು. ಈ ಪರಂಪರೆಯ ಒಂದು ಕೃತಿ ದಕ್ಷಿಣ ಭಾರತದಲ್ಲಿಯೇ ಇದೆ. ಇಟಲಿಯ ಜೊವಾನ್ನಿ ಮಾರಿಯಾ ಬೆನ್‌ಜೋನಿ ಕೆತ್ತಿದ ಮುಸುಕಿನ ರೆಬೆಕಾ ಪ್ರತಿಮೆಯನ್ನು ಒಂದನೆಯ ಸಾಲಾರ್ ಜಂಗ್ 1876ರಲ್ಲಿ ಕೊಂಡರು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು.

ನಿಜವಾದ ಬಟ್ಟೆಯ ನೆರವು

ಸುಕ್ಕನ್ನು ಯಥಾರ್ಥವಾಗಿ ತೋರಿಸಲು ಹೊರಟ ಕಲಾವಿದರಿಗೆ ಒಂದು ಪ್ರಾಯೋಗಿಕ ತೊಡಕು ಎದುರಾಯಿತು. ಮಾದರಿಯಾಗಿ ನಿಂತ ವ್ಯಕ್ತಿ ಸ್ವಲ್ಪ ಅಲುಗಿದರೂ ಮಡಿಕೆಗಳು ಬದಲಾಗುತ್ತವೆ. ಇದಕ್ಕೆ ಲಿಯೊನಾರ್ಡೊ ಡ ವಿಂಚಿ ಕಂಡುಕೊಂಡ ಉಪಾಯವನ್ನು ಹದಿನಾರನೆಯ ಶತಮಾನದ ಚರಿತ್ರಕಾರ ವಸಾರಿ ದಾಖಲಿಸಿದ್ದಾನೆ. ಮಣ್ಣಿನ ಬೊಂಬೆಗಳ ಮೇಲೆ ಗಾರೆಯಲ್ಲಿ ಅದ್ದಿದ ಬಟ್ಟೆಯ ತುಂಡುಗಳನ್ನು ಹೊದಿಸಿ, ಅವು ಹಾಗೆಯೇ ಗಟ್ಟಿಯಾದ ಮೇಲೆ ನಿಧಾನವಾಗಿ ಕುಳಿತು ಚಿತ್ರಿಸುವುದು ಆ ಉಪಾಯ.

ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಫ್ರಾನ್ಸಿನ ಶಿಲ್ಪಿ ಆಗಸ್ಟ್ ರೊಡಾನ್ ಇದೇ ಉಪಾಯವನ್ನು ಬೇರೊಂದು ಉದ್ದೇಶಕ್ಕೆ ಬಳಸಿದ. ಕಾದಂಬರಿಕಾರ ಬಾಲ್ಜಾಕನ ಸ್ಮಾರಕ ಪ್ರತಿಮೆಯ ಹೊಣೆ 1891ರಲ್ಲಿ ಅವನಿಗೆ ಬಂದಾಗ ಬಾಲ್ಜಾಕ್ ತೀರಿಕೊಂಡು ನಾಲ್ಕು ದಶಕಗಳಾಗಿದ್ದವು. ರೊಡಾನ್ ಲೇಖಕನ ಹಳೆಯ ದರ್ಜಿಯಿಂದ ಅಳತೆ ಪಡೆದು ಉಡುಪು ಹೊಲಿಸಿದ. ಮೊದಲು ನಗ್ನದೇಹದ ಹಲವು ಕರಡುಗಳನ್ನು ಮಾಡಿದ. ಅನಂತರ ನಿಲುವಂಗಿಯೊಂದನ್ನು ಪ್ಲಾಸ್ಟರಿನಲ್ಲಿ ಅದ್ದಿ ಅದರ ಬೀಳುವಿಕೆಯನ್ನು ಅಭ್ಯಾಸ ಮಾಡಿದ. ಆದರೆ 1898ರಲ್ಲಿ ಪ್ರದರ್ಶಿತವಾದ ಅಂತಿಮ ಕೃತಿಯಲ್ಲಿ ಈ ಸಣ್ಣ ಮಡಿಕೆಗಳು ಬಹುಪಾಲು ಉಳಿಯಲಿಲ್ಲ. ಕೆಲವೇ ದೊಡ್ಡ ಪಾತಳಿಗಳಾಗಿ ಮೇಲಕ್ಕೇರುವ ನಿಲುವಂಗಿ ನೋಟವನ್ನು ತಲೆಯತ್ತ ಒಯ್ಯುತ್ತದೆ. ಹೊಣೆ ವಹಿಸಿದ್ದ ಸಂಸ್ಥೆ ಕೃತಿಯನ್ನು ತಿರಸ್ಕರಿಸಿತು. ಪ್ಯಾರಿಸಿನಲ್ಲಿ ಅದರ ಕಂಚಿನ ರೂಪ ಸ್ಥಾಪನೆಯಾದದ್ದು 1939ರಲ್ಲಿ.

ಈ ಪ್ರಸಂಗ ಗಣಕಶಿಲ್ಪದ ಇತಿಹಾಸಕ್ಕೆ ಪೀಠಿಕೆಯಂತಿದೆ. ದರ್ಜಿಯ ಅಳತೆ, ಒಳಗಿನ ದೇಹ, ಅದರ ಮೇಲೆ ನಿಜವಾದ ಬಟ್ಟೆ, ಕೊನೆಯಲ್ಲಿ ಕಲಾವಿದನ ಆಯ್ಕೆ ಎಂಬ ನಾಲ್ಕು ಹಂತಗಳು ಒಂದು ಶತಮಾನದ ಬಳಿಕ ಗಣಕದಲ್ಲಿ ಇದೇ ಅನುಕ್ರಮದಲ್ಲಿ ಮರಳಿ ಬಂದವು.

ಗಣಕದಲ್ಲಿ ಆಕೃತಿಯ ಉದಯ

ಗಣಕದ ತೆರೆಯ ಮೇಲೆ ರೇಖೆಗಳನ್ನು ನೇರವಾಗಿ ಎಳೆಯುವ ಸ್ಕೆಚ್‌ಪ್ಯಾಡ್ ವ್ಯವಸ್ಥೆಯನ್ನು ಐವಾನ್ ಸದರ್ಲೆಂಡ್ 1963ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮಂಡಿಸಿದರು. ಮುಂದಿನ ದಶಕದ ಮಹತ್ವದ ಸಂಶೋಧನೆಗಳಿಗೆ ಯೂಟಾ ವಿಶ್ವವಿದ್ಯಾಲಯ ನೆಲೆಯಾಯಿತು. ವಕ್ರವಾದ ಮೇಲ್ಮೈಯನ್ನು ಸಣ್ಣ ಸಣ್ಣ ಬಹುಭುಜಗಳ ಜಾಲವಾಗಿ ಕಟ್ಟಿ, ಅವುಗಳ ನಡುವಣ ಕೋನಗಳು ಕಣ್ಣಿಗೆ ಬೀಳದಂತೆ ಛಾಯೆಯನ್ನು ಹರಡುವ ವಿಧಾನವನ್ನು ಆನ್ರಿ ಗೂರೊ 1971ರಲ್ಲಿ ನೀಡಿದರು; ಬೂಯಿ ತುವಾಂಗ್ ಫಾಂಗ್ ಅದನ್ನು 1975ರ ವೇಳೆಗೆ ಇನ್ನಷ್ಟು ಪರಿಷ್ಕರಿಸಿದರು. 1978ರಲ್ಲಿ ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ ಒರಟಾದ ಜಾಲವನ್ನು ಹಂತಹಂತವಾಗಿ ವಿಭಜಿಸಿ ನುಣುಪಾದ ಮೇಲ್ಮೈಯನ್ನು ಪಡೆಯುವ ಕ್ರಮವನ್ನು ಪ್ರಕಟಿಸಿದರು. ಇಂದಿನ ಗಣಕಶಿಲ್ಪದ ತಳಹದಿಯಲ್ಲಿ ಈ ವಿಭಜನಕ್ರಮವಿದೆ.

ಅದೇ 1978ರಲ್ಲಿ ಜೇಮ್ಸ್ ಬ್ಲಿನ್ ಸುಕ್ಕುಗಟ್ಟಿದ ಮೇಲ್ಮೈಗಳನ್ನು ಕುರಿತ ಪ್ರಬಂಧವನ್ನು ಮಂಡಿಸಿದರು. ಮೇಲ್ಮೈಯ ಆಕಾರವನ್ನು ಬದಲಿಸದೆ, ಬೆಳಕು ಬೀಳುವ ಲೆಕ್ಕವನ್ನು ಮಾತ್ರ ಬಿಂದುಬಿಂದುವಿಗೂ ಸ್ವಲ್ಪ ಓರೆಯಾಗಿಸಿದರೆ ಕಣ್ಣು ಅಲ್ಲಿ ಸುಕ್ಕನ್ನು ಕಾಣುತ್ತದೆ ಎಂಬುದು ಅವರ ಪ್ರತಿಪಾದನೆ. ಈ ಸುಕ್ಕು ಆಕೃತಿಯ ಹೊರಗೆರೆಯಲ್ಲಿ ಕಾಣಿಸುವುದಿಲ್ಲ; ಅದು ಮೇಲ್ಮೈಯ ಮೇಲಿನ ಬೆಳಕಿನ ಭ್ರಮೆ. ಆದರೂ ಈ ತತ್ತ್ವದ ಪರಿಷ್ಕೃತ ರೂಪಗಳು ಗಣಕ ಆಟಗಳಲ್ಲಿ ಬಟ್ಟೆಯ ಸೂಕ್ಷ್ಮ ಮಡಿಕೆಗಳನ್ನು ತೋರಿಸಲು ವ್ಯಾಪಕವಾಗಿ ಬಳಕೆಗೆ ಬಂದವು.

ಶಿಲ್ಪ ಎಂಬ ಮಾತನ್ನೇ ಬಳಸಿ ಗಣಕದಲ್ಲಿ ಆಕಾರ ತಿದ್ದುವ ಪ್ರಯತ್ನಗಳೂ ಬೇಗನೆ ಆರಂಭವಾದವು. ರಿಕ್ ಪೇರೆಂಟ್ 1977ರಲ್ಲಿ ಮೂರು ಆಯಾಮದ ದತ್ತಾಂಶವನ್ನು ಶಿಲ್ಪದಂತೆ ರೂಪಿಸುವ ವ್ಯವಸ್ಥೆಯೊಂದನ್ನು ವಿವರಿಸಿದರು. 1991ರಲ್ಲಿ ಗ್ಯಾಲಿಯನ್ ಮತ್ತು ಹ್ಯೂಸ್ ಘನಕಣಗಳ ರಾಶಿಯಿಂದ ದ್ರವ್ಯವನ್ನು ತೆಗೆಯುವ, ಸೇರಿಸುವ ಉಪಕರಣವನ್ನು ತೋರಿಸಿದರು. ಅಂದಿನ ಯಂತ್ರಗಳ ಶಕ್ತಿ ಮಿತವಾಗಿದ್ದುದರಿಂದ ಇವು ಶಿಲ್ಪಿಗಳ ಕೈಸೇರುವ ಮಟ್ಟಕ್ಕೆ ಬೆಳೆಯಲಿಲ್ಲ.

ಬಟ್ಟೆಯ ಗಣಿತ

ಬಟ್ಟೆಯ ಬೀಳುವಿಕೆಯನ್ನು ಅಳೆಯಬಹುದೆಂಬ ವಿಚಾರ ಗಣಕಕ್ಕಿಂತ ಹಳೆಯದು. ಇಂಗ್ಲೆಂಡಿನ ಹತ್ತಿಬಟ್ಟೆ ಸಂಶೋಧಕ ಎಫ್. ಟಿ. ಪೀರ್ಸ್ 1930ರಲ್ಲಿ ಬಟ್ಟೆಯ ಪಟ್ಟಿಯೊಂದನ್ನು ಮೇಜಿನ ಅಂಚಿನಿಂದ ಹೊರಚಾಚಿ, ತನ್ನ ಭಾರಕ್ಕೆ ಅದು ಎಷ್ಟು ಬಾಗುತ್ತದೆ ಎಂಬುದರಿಂದ ಅದರ ಪೆಡಸುತನವನ್ನು ನಿರ್ಣಯಿಸುವ ಕ್ರಮವನ್ನು ಪ್ರಕಟಿಸಿದರು. ಕೈಯಿಂದ ಮುಟ್ಟಿ ನೋಡಿ ಹೇಳುತ್ತಿದ್ದ ಗುಣ ಹೀಗೆ ಸಂಖ್ಯೆಯಾಯಿತು. ಜವಳಿ ಉದ್ಯಮಕ್ಕಾಗಿ ಹುಟ್ಟಿದ ಈ ಬಗೆಯ ಅಳತೆಗಳು ಅರ್ಧ ಶತಮಾನದ ಬಳಿಕ ಗಣಕದ ಬಟ್ಟೆಗೂ ಒದಗಿದವು.

1986ರಲ್ಲಿ ಜೆರ್ರಿ ವೈಲ್ ಕೆಲವು ಬಿಂದುಗಳಲ್ಲಿ ತೂಗುಹಾಕಿದ ಬಟ್ಟೆಯನ್ನು ಗಣಕದಲ್ಲಿ ಮೂಡಿಸಿದರು. ಎರಡು ಬಿಂದುಗಳ ನಡುವೆ ಜೋತುಬಿದ್ದ ಸರಪಳಿಯು ಪಡೆಯುವ ವಕ್ರರೇಖೆ ಅವರ ಲೆಕ್ಕಕ್ಕೆ ಆಧಾರ. ಮರುವರ್ಷ ಟೆರ್ಜೊಪೌಲೋಸ್ ಮತ್ತು ಸಂಗಡಿಗರು ಸ್ಥಿತಿಸ್ಥಾಪಕ ವಸ್ತುಗಳ ಭೌತಶಾಸ್ತ್ರದ ಸಮೀಕರಣಗಳನ್ನೇ ಬಳಸುವ ಮಾರ್ಗವನ್ನು ತೆರೆದರು. ಜಿನೀವಾದಲ್ಲಿ ನಾಡಿಯಾ ಮ್ಯಾಗ್ನೆನಾ ತಾಲ್ಮನ್ ಅವರ ಬಳಗವು ಬಟ್ಟೆಯ ತುಂಡುಗಳನ್ನು ಗಣಕದಲ್ಲಿ ಹೊಲಿದು ಕೃತಕ ನಟರಿಗೆ ತೊಡಿಸುವ ವಿಧಾನವನ್ನು ಬೆಳೆಸಿ, 1992ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿತು. 1994ರಲ್ಲಿ ಬ್ರೀನ್, ಹೌಸ್ ಮತ್ತು ವೊಸ್ನಿ ಹಾಸು ಹೊಕ್ಕುಗಳ ಸಂಧಿಗಳನ್ನು ಕಣಗಳೆಂದು ಭಾವಿಸಿ, ಹತ್ತಿ, ಉಣ್ಣೆ ಮುಂತಾದ ಬಟ್ಟೆಗಳ ಅಳತೆಗಳಿಂದ ಅವುಗಳ ಬೀಳುವಿಕೆಯನ್ನು ಪ್ರತ್ಯೇಕವಾಗಿ ತೋರಿಸಿದರು.

ಈ ಲೆಕ್ಕಗಳಿಗೆ ಒಂದು ದೊಡ್ಡ ಅಡಚಣೆಯಿತ್ತು. ಬಟ್ಟೆ ಸುಲಭವಾಗಿ ಬಾಗುತ್ತದೆ, ಆದರೆ ಸುಲಭವಾಗಿ ಹಿಗ್ಗುವುದಿಲ್ಲ. ಹಿಗ್ಗದ ಗುಣವನ್ನು ಕಾಪಾಡಲು ಕಾಲವನ್ನು ಅತಿಸಣ್ಣ ತುಣುಕುಗಳಾಗಿ ವಿಭಜಿಸಿ ಲೆಕ್ಕ ಮಾಡಬೇಕಾಗಿತ್ತು. ಡೇವಿಡ್ ಬರಾಫ್ ಮತ್ತು ಆಂಡ್ರ್ಯೂ ವಿಟ್ಕಿನ್ 1998ರಲ್ಲಿ ದೊಡ್ಡ ಕಾಲಾಂತರಗಳಲ್ಲಿಯೂ ಸ್ಥಿರವಾಗಿ ನಿಲ್ಲುವ ಲೆಕ್ಕವಿಧಾನವನ್ನು ನೀಡಿ ಈ ಅಡಚಣೆಯನ್ನು ನಿವಾರಿಸಿದರು. ಪಿಕ್ಸಾರ್ ಸಂಸ್ಥೆಯ 1997ರ ಕಿರುಚಿತ್ರ ಗೆರೀಸ್ ಗೇಮ್‌ನಲ್ಲಿ ಮುದುಕನ ಕೋಟು, 2001ರ ಮಾನ್‌ಸ್ಟರ್ಸ್ ಇಂಕ್ ಚಿತ್ರದಲ್ಲಿ ಪುಟ್ಟ ಹುಡುಗಿಯ ಅಂಗಿ ಇಂತಹ ಲೆಕ್ಕದಿಂದಲೇ ಚಲಿಸಿದವು. ದೇಹದ ಭಾಗಗಳ ನಡುವೆ ಸಿಕ್ಕಿಕೊಂಡ ಪದರಗಳನ್ನು ಬಿಡಿಸುವ ಕ್ರಮವನ್ನು ಬರಾಫ್, ವಿಟ್ಕಿನ್ ಮತ್ತು ಮೈಕೆಲ್ ಕಾಸ್ 2003ರಲ್ಲಿ ಪ್ರಕಟಿಸಿದರು.

ಕೈಗೆ ಮರಳಿದ ಶಿಲ್ಪ

ಬಟ್ಟೆಯ ಗಣಿತ ಹೀಗೆ ಮುಂದುವರಿಯುತ್ತಿದ್ದ ಕಾಲದಲ್ಲಿಯೇ ಶಿಲ್ಪಿಯ ಕೈಗೆ ಹತ್ತಿರವಾದ ಉಪಕರಣಗಳೂ ರೂಪುಗೊಂಡವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಲೆವಾಯ್ ಅವರ ತಂಡವು 1998-99ರಲ್ಲಿ ಇಟಲಿಯಲ್ಲಿ ಮೈಕೆಲೇಂಜೆಲೊನ ಶಿಲ್ಪಗಳನ್ನು ಲೇಸರ್ ಕಿರಣಗಳಿಂದ ಅಳೆಯಿತು. ಡೇವಿಡ್ ಪ್ರತಿಮೆಯೊಂದರ ದಾಖಲೆಯೇ ಸುಮಾರು 200 ಕೋಟಿ ಬಹುಭುಜಗಳಷ್ಟಾಯಿತು. ಉಳಿಯ ಗುರುತುಗಳನ್ನೂ ಒಳಗೊಳ್ಳುವಷ್ಟು ಸೂಕ್ಷ್ಮವಾದ ಮೇಲ್ಮೈಯನ್ನು ಗಣಕದಲ್ಲಿ ಹಿಡಿದಿಡಬಹುದೆಂದು ಇದರಿಂದ ಸಿದ್ಧವಾಯಿತು. ಅಷ್ಟು ಸೂಕ್ಷ್ಮವಾದ ಮೇಲ್ಮೈಯನ್ನು ಕೈಯಿಂದ ತಿದ್ದಲು ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ.

ಪಿಕ್ಸೊಲಾಜಿಕ್ ಸಂಸ್ಥೆಯ ಓಫರ್ ಅಲೋನ್ ರೂಪಿಸಿ 1999ರಲ್ಲಿ ಪ್ರದರ್ಶಿಸಿದ ಜೀಬ್ರಷ್ ತಂತ್ರಾಂಶವು ಆರಂಭದಲ್ಲಿ ಆಳವುಳ್ಳ ಚಿತ್ರ ಬರೆಯುವ ಸಾಧನವಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಪೂರ್ಣಪ್ರಮಾಣದ ಶಿಲ್ಪ ಉಪಕರಣವಾಗಿ ಬೆಳೆಯಿತು. ನ್ಯೂಜಿಲೆಂಡಿನಲ್ಲಿ ಚಲನಚಿತ್ರಗಳಿಗೆ ದುಡಿದಿದ್ದ ಕಲಾವಿದರು ರೂಪಿಸಿದ ಮಡ್‌ಬಾಕ್ಸ್ 2005ರ ಕಿಂಗ್ ಕಾಂಗ್ ಚಿತ್ರದಲ್ಲಿ ಬಳಕೆಯಾಗಿ, 2007ರಲ್ಲಿ ಮಾರುಕಟ್ಟೆಗೆ ಬಂದಿತು. ಮುಕ್ತ ತಂತ್ರಾಂಶವಾದ ಬ್ಲೆಂಡರ್ ಅದೇ 2007ರಲ್ಲಿ ಶಿಲ್ಪ ತಿದ್ದುವ ಸೌಲಭ್ಯವನ್ನು ಪಡೆಯಿತು. ಹಣ ತೆರದೆ ಬಳಸಬಹುದಾದ ಈ ತಂತ್ರಾಂಶ ವಿದ್ಯಾರ್ಥಿಗಳಿಗೆ ಶಿಲ್ಪಾಭ್ಯಾಸದ ಬಾಗಿಲು ತೆರೆಯಿತು.

ಈ ಉಪಕರಣಗಳ ಮುಖ್ಯ ಗುಣ ಹಂತಹಂತದ ವಿಭಜನೆ. ಪ್ರತಿ ಹಂತದಲ್ಲಿ ಒಂದು ಮುಖ ನಾಲ್ಕಾಗುತ್ತದೆ. 5,000 ಮುಖಗಳ ಸರಳ ಆಕೃತಿ ಐದು ಹಂತಗಳಲ್ಲಿ 51,20,000 ಮುಖಗಳಾಗುತ್ತದೆ. ಕೆಳಹಂತದಲ್ಲಿ ಭಂಗಿಯನ್ನು, ನಡುಹಂತದಲ್ಲಿ ಸ್ನಾಯು ಮತ್ತು ದೊಡ್ಡ ಮಡಿಕೆಗಳನ್ನು, ಮೇಲ್ಹಂತದಲ್ಲಿ ಚರ್ಮದ ರಂಧ್ರ ಹಾಗೂ ನೇಯ್ಗೆಯನ್ನು ತಿದ್ದಬಹುದು. ಮತ್ತೆ ಕೆಳಹಂತಕ್ಕೆ ಇಳಿದು ಭಂಗಿಯನ್ನು ಬದಲಿಸಿದರೂ ಮೇಲಿನ ಕೆಲಸ ಉಳಿಯುತ್ತದೆ. ಕಲ್ಲಿನಲ್ಲಾಗಲಿ ಮಣ್ಣಿನಲ್ಲಾಗಲಿ ಇಲ್ಲದ ಅನುಕೂಲವಿದು. 2011ರಲ್ಲಿ ಜೀಬ್ರಷ್‌ಗೆ ಸೇರಿದ ಡೈನಾಮೆಶ್ ಸೌಲಭ್ಯವು ಎಳೆದು ಹಿಗ್ಗಿದ ಜಾಲವನ್ನು ಮತ್ತೆ ಸಮನಾಗಿ ಹೆಣೆಯತೊಡಗಿದ ಮೇಲೆ, ಮಣ್ಣಿನ ಮುದ್ದೆಯನ್ನು ಬಳಸುವ ಸ್ವಾತಂತ್ರ್ಯವೇ ತೆರೆಯ ಮೇಲೂ ದೊರೆಯಿತು.

ಎರಡು ಮಾರ್ಗಗಳ ಸಂಗಮ ಮತ್ತು ತಂತ್ರದ ಪರಿಷ್ಕಾರ

ಎರಡು ಸಾವಿರದ ಮೊದಲ ದಶಕದಲ್ಲಿ ಗಣಕಶಿಲ್ಪಿಗಳು ಮಡಿಕೆಗಳನ್ನು ಬಹುತೇಕ ಕೈಯಿಂದಲೇ ತಿದ್ದುತ್ತಿದ್ದರು. ದಕ್ಷಿಣ ಕೊರಿಯಾದ ಕ್ಲೋ ಸಂಸ್ಥೆಯ ಮಾರ್ವಲಸ್ ಡಿಸೈನರ್ ತಂತ್ರಾಂಶ ಬಂದ ಬಳಿಕ, ಅಂದರೆ 2010ರ ದಶಕದಲ್ಲಿ, ಈ ಕ್ರಮ ಬದಲಾಯಿತು. ಇದರಲ್ಲಿ ಕಲಾವಿದನು ದರ್ಜಿಯಂತೆ ಬಟ್ಟೆಯ ತುಂಡುಗಳನ್ನು ಕತ್ತರಿಸಿ, ಹೊಲಿಗೆಯ ಅಂಚುಗಳನ್ನು ಸೂಚಿಸಿ, ಆಕೃತಿಯ ಮೇಲೆ ತೊಡಿಸುತ್ತಾನೆ. ಮಡಿಕೆಗಳನ್ನು ಯಂತ್ರ ಲೆಕ್ಕ ಹಾಕುತ್ತದೆ. 2020ರಲ್ಲಿ ಬ್ಲೆಂಡರ್‌ಗೆ ಬಟ್ಟೆಯ ಕುಂಚವೊಂದು ಸೇರಿತು. ಅದನ್ನು ಎಳೆದಲ್ಲೆಲ್ಲ ಮೇಲ್ಮೈಯು ಬಟ್ಟೆಯಂತೆ ಮಡಿಕೆಗೊಳ್ಳುತ್ತದೆ. ಜೀಬ್ರಷ್‌ನಲ್ಲಿಯೂ ಅದೇ ವರ್ಷ ಬಟ್ಟೆಯ ಅನುಕರಣ ಸೌಲಭ್ಯ ಬಂದಿತು. ಹೀಗೆ ಕೈಯ ಮಾರ್ಗವೂ ಗಣಿತದ ಮಾರ್ಗವೂ ಒಂದೇ ಉಪಕರಣದಲ್ಲಿ ಕೂಡಿದವು.

ಆದರೆ ಸಾಧನ ಕೂಡಿದ ಮಾತ್ರಕ್ಕೆ ಶಿಲ್ಪ ಉತ್ತಮವಾಗುವುದಿಲ್ಲ. ಕೈಯಿಂದ ತಿದ್ದುವ ಅಭ್ಯಾಸಿಗಳಲ್ಲಿ ಕೆಲವು ದೋಷಗಳು ಪದೇ ಪದೇ ಕಾಣುತ್ತವೆ. ಮೊದಲನೆಯದು, ಎಲ್ಲೆಡೆ ಒಂದೇ ಆಳದ, ಒಂದೇ ಅಂತರದ ಮಡಿಕೆಗಳನ್ನು ತುಂಬುವುದು. ನಿಜದಲ್ಲಿ ಮೊಣಕೈಯ ಒಳಮಗ್ಗುಲಿನಲ್ಲಿ ಬಟ್ಟೆ ಒತ್ತಾಗಿ ಸೇರಿದ್ದರೆ ಹೊರಮಗ್ಗುಲಿನಲ್ಲಿ ಬಿಗಿದು ನುಣುಪಾಗಿರುತ್ತದೆ. ಈ ವಿಶ್ರಾಂತ ಭಾಗವಿಲ್ಲದೆ ಮಡಿಕೆಗೆ ಅರ್ಥ ಬರುವುದಿಲ್ಲ. ಎರಡನೆಯದು, ಎಡಬಲಗಳನ್ನು ಏಕಕಾಲದಲ್ಲಿ ತಿದ್ದುವ ಕನ್ನಡಿ ಸೌಲಭ್ಯವನ್ನು ಬಟ್ಟೆಗೂ ಅನ್ವಯಿಸುವುದು. ದೇಹದ ಪ್ರಮಾಣಕ್ಕೆ ಅದು ನೆರವಾಗುತ್ತದೆ. ಆದರೆ ಎರಡು ತೋಳುಗಳ ಸುಕ್ಕು ಎಂದೂ ಒಂದೇ ಆಗಿರುವುದಿಲ್ಲ. ಮೂರನೆಯದು, ಒಳಗಿನ ದೇಹವನ್ನು ಸಿದ್ಧಪಡಿಸದೆ ಬಟ್ಟೆಯನ್ನು ಆರಂಭಿಸುವುದು. ರೊಡಾನ್ ಮೊದಲು ನಗ್ನದೇಹದ ಕರಡುಗಳನ್ನು ಮಾಡಿದ್ದು ಈ ದೋಷದಿಂದ ಪಾರಾಗಲು ನೆರವಾಗುವ ಕ್ರಮವೇ.

ಪರಿಷ್ಕಾರದ ದಾರಿಯೂ ಇಲ್ಲಿಯೇ ತಿಳಿಯುತ್ತದೆ. ಬಟ್ಟೆ ಎಲ್ಲಿ ಆತುಕೊಂಡಿದೆ ಎಂಬುದನ್ನು, ಅಂದರೆ ಭುಜ, ಮೊಣಕೈ, ಸೊಂಟ, ಮಂಡಿಗಳನ್ನು ಮೊದಲು ಗುರುತಿಸಬೇಕು. ಅವುಗಳ ನಡುವಣ ಎಳೆತದ ರೇಖೆಗಳನ್ನು ಅನುಸರಿಸಿ ಕೆಲವೇ ದೊಡ್ಡ ಮಡಿಕೆಗಳನ್ನು ನಿಲ್ಲಿಸಬೇಕು; ಅವು ಒಪ್ಪಿಗೆಯಾದ ಮೇಲೆ ಮಾತ್ರ ಸಣ್ಣವನ್ನು ಸೇರಿಸಬೇಕು. ಯೂರೋಪಿನ ಕಲಾಶಿಕ್ಷಣದಲ್ಲಿ ಮಡಿಕೆಗಳನ್ನು ಕೊಳವೆಯಂತೆ ಇಳಿಯುವವು, ಅಂಕುಡೊಂಕಾಗಿ ಕುಸಿಯುವವು, ಅಂಗದ ಸುತ್ತ ಸುರುಳಿಯಾಗುವವು, ಎರಡು ಆಧಾರಗಳ ನಡುವೆ ಜೋಲುವವು, ಹಾರುವವು, ನೆಲದ ಮೇಲೆ ಜಡವಾಗಿ ಬಿದ್ದವು ಮುಂತಾಗಿ ವಿಂಗಡಿಸಿ ಕಲಿಸುವ ವಾಡಿಕೆಯಿದೆ. ವಿಂಗಡಣೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿಯೊಂದರ ಕಾರಣವನ್ನು ತಿಳಿಯುವುದು ಮುಖ್ಯ.

ಯಂತ್ರ ಲೆಕ್ಕ ಹಾಕಿದ ಮಡಿಕೆಯೂ ದೋಷಮುಕ್ತವಲ್ಲ. ಅದು ಭೌತಿಕವಾಗಿ ಸರಿಯಾಗಿದ್ದರೂ ಭಂಗಿಯನ್ನು ಮರೆಮಾಡಬಹುದು. ಅನಗತ್ಯವಾದ ಸಣ್ಣ ಸುಕ್ಕುಗಳಿಂದ ನೋಟವನ್ನು ಚದುರಿಸಬಹುದು. ಬಟ್ಟೆಯ ಪೆಡಸುತನದ ಸಂಖ್ಯೆ ಆಕೃತಿಯ ಗಾತ್ರಕ್ಕೆ ಹೊಂದದಿದ್ದರೆ ಆಳೆತ್ತರದ ವ್ಯಕ್ತಿಯೂ ಬಟ್ಟೆ ತೊಟ್ಟ ಬೊಂಬೆಯಂತೆ ಕಾಣುತ್ತಾನೆ. ಕೃತಿಯನ್ನು ಮೂರು ಆಯಾಮದ ಮುದ್ರಣಕ್ಕೋ ಲೋಹದ ಎರಕಕ್ಕೋ ಕಳುಹಿಸುವಾಗ ದಪ್ಪವಿಲ್ಲದ ಬಟ್ಟೆಗೆ ದಪ್ಪ ಕೊಡಬೇಕು, ಅಚ್ಚಿನಿಂದ ಬಿಡಿಸಲಾಗದ ಆಳದ ಪೊಳ್ಳುಗಳನ್ನು ತುಂಬಬೇಕು. ಆದುದರಿಂದ ನುರಿತ ಗಣಕಶಿಲ್ಪಿಗಳು ಯಂತ್ರದ ಫಲಿತಾಂಶವನ್ನು ಲಿಯೊನಾರ್ಡೊನ ಗಾರೆಬಟ್ಟೆಯಂತೆ ಪರಿಗಣಿಸುತ್ತಾರೆ. ಅದು ಅಭ್ಯಾಸದ ವಸ್ತು. ಕೃತಿ ಅದರ ಮುಂದಿನ ಹಂತ.

ಹೊಲಿಯದ ಉಡುಗೆಯ ಪ್ರಶ್ನೆ

ಈವರೆಗೆ ವಿವರಿಸಿದ ಬೆಳವಣಿಗೆಯಲ್ಲಿ ಭಾರತೀಯ ಶಿಲ್ಪಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಕೊರತೆಯಿದೆ. ಗಣಕದ ಬಟ್ಟೆ ಹೆಚ್ಚಾಗಿ ಬೆಳೆದದ್ದು ಕತ್ತರಿಸಿ ಹೊಲಿದ ಉಡುಪಿನ ಸುತ್ತ. ಕೋಟು, ಅಂಗಿ, ಷರಾಯಿಗಳಿಗೆ ತುಂಡು ಮತ್ತು ಹೊಲಿಗೆಯೇ ಆಕಾರದ ಮೂಲ. ಸೀರೆ, ಪಂಚೆ, ಉತ್ತರೀಯಗಳ ಸ್ವಭಾವ ಬೇರೆ. ಅವು ನೀಳವಾದ ಒಂದೇ ಆಯತ. ಅವುಗಳ ಆಕಾರ ಉಡುವ ಕ್ರಮದಲ್ಲಿದೆ. ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಡುವುದಕ್ಕೂ, ಅದಕ್ಕಿಂತ ಗಿಡ್ಡವಾದ ಸೀರೆಯನ್ನು ಮುಂದೆ ನಿರಿಗೆ ಹಿಡಿದು ಉಡುವುದಕ್ಕೂ, ಕೊಡಗಿನಲ್ಲಿ ನಿರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸುವುದಕ್ಕೂ ಮೂಲವಸ್ತು ಆಯತವೊಂದೇ. ಈ ಆಯತವನ್ನು ಆಕೃತಿಯ ಮೇಲೆ ಹಾಗೆಯೇ ಬೀಳಿಸಿದರೆ ಯಂತ್ರವು ಸುಕ್ಕುಗಳನ್ನು ಕೊಡುತ್ತದೆ, ಸೀರೆಯನ್ನು ಕೊಡುವುದಿಲ್ಲ. ಎಷ್ಟು ನಿರಿಗೆ, ಎಷ್ಟು ಅಗಲ, ಎಲ್ಲಿ ಸಿಕ್ಕಿಸಬೇಕು, ಸೆರಗು ಯಾವ ಭುಜದ ಮೇಲೆ ಎಷ್ಟು ಇಳಿಯಬೇಕು ಎಂಬುದನ್ನೆಲ್ಲ ಉಡುವ ಕ್ರಮ ಬಲ್ಲವರು ಹೇಳಿಕೊಡಬೇಕಾಗುತ್ತದೆ. ಒಂದರ ಮೇಲೊಂದು ಒತ್ತಿದ ನಿರಿಗೆಯ ಪದರಗಳು ಪರಸ್ಪರ ತೂರಿಕೊಳ್ಳದಂತೆ ಕಾಯುವುದು ಲೆಕ್ಕದ ದೃಷ್ಟಿಯಿಂದಲೂ ಕಠಿಣವಾದ ಕೆಲಸ. ನೇಯ್ಗೆಯ ಭೇದವೂ ಇದರೊಂದಿಗೆ ಸೇರುತ್ತದೆ. ಮೈಸೂರಿನ ಕ್ರೇಪ್ ರೇಷ್ಮೆ ಜಾರುವ ರೀತಿಯೂ ಇಳಕಲ್ಲಿನ ಸೀರೆ ನಿಲ್ಲುವ ರೀತಿಯೂ ಒಂದಲ್ಲ.

ದೊಡ್ಡ ಸ್ಮಾರಕಗಳಲ್ಲಿ ಈ ಪ್ರಶ್ನೆ ಕಲೆಯನ್ನು ಮೀರಿ ಕಟ್ಟಡಶಾಸ್ತ್ರವನ್ನೂ ಮುಟ್ಟುತ್ತದೆ. ಶಿಲ್ಪಿ ರಾಮ್ ಸುತಾರ್ ರೂಪಿಸಿ 2018ರ ಅಕ್ಟೋಬರ್ 31ರಂದು ಗುಜರಾತಿನಲ್ಲಿ ಲೋಕಾರ್ಪಣೆಗೊಂಡ ವಲ್ಲಭಭಾಯಿ ಪಟೇಲರ 182 ಮೀಟರ್ ಎತ್ತರದ ಪ್ರತಿಮೆಯು ಚಿಕ್ಕ ಮಾದರಿಯನ್ನು ಗಣಕದಲ್ಲಿ ಅಳೆದು ಹಿಗ್ಗಿಸಿದ ಆಧಾರದ ಮೇಲೆ ಕಂಚಿನ ಫಲಕಗಳಿಂದ ನಿರ್ಮಿತವಾಯಿತು. ಪಂಚೆಯುಟ್ಟು ಚಪ್ಪಲಿ ಮೆಟ್ಟಿದ ಕಾಲುಗಳಿಂದಾಗಿ ಆಕೃತಿ ಬುಡದಲ್ಲಿ ಕಿರಿದಾಯಿತು. ಸ್ಥಿರತೆಯ ದೃಷ್ಟಿಯಿಂದ ತಂತ್ರಜ್ಞರು ಇದನ್ನು ಪ್ರತ್ಯೇಕವಾಗಿ ಪರಿಗಣಿಸಬೇಕಾಯಿತು. ಆ ಗಾತ್ರದಲ್ಲಿ ಶಾಲಿನ ಒಂದೊಂದು ಮಡಿಕೆಯೂ ಗೋಡೆಯಷ್ಟು ದೊಡ್ಡದು. ಯಾವ ಮಡಿಕೆ ಉಳಿಯಬೇಕು ಎಂಬ ನಿರ್ಧಾರ ಚಿಕ್ಕ ಮಾದರಿಯ ಹಂತದಲ್ಲಿಯೇ ಆಗಬೇಕಾಗುತ್ತದೆ. ತಪ್ಪಿದ್ದರೆ ಅದೂ ಅಷ್ಟೇ ಪಾಲು ಹಿಗ್ಗುತ್ತದೆ.

ಸಮಾರೋಪ

ಕರ್ನಾಟಕವು 2012ರಲ್ಲಿ ಅನಿಮೇಷನ್, ದೃಶ್ಯಪರಿಣಾಮ, ಗಣಕ ಆಟ ಮತ್ತು ಕಾಮಿಕ್ಸ್ ಕ್ಷೇತ್ರಕ್ಕಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಒಂದು ಕಡೆ ಗಣಕಶಿಲ್ಪವನ್ನು ಬಳಸುವ ಉದ್ಯಮ, ಇನ್ನೊಂದು ಕಡೆ ಉಳಿ ಹಿಡಿದ ಪಾರಂಪರಿಕ ಶಿಲ್ಪಿಗಳು ಒಂದೇ ನಾಡಿನಲ್ಲಿದ್ದಾರೆ. ಈ ಇಬ್ಬರ ನಡುವೆ ವಿನಿಮಯಕ್ಕೆ ವಸ್ತ್ರದ ಮಡಿಕೆಯು ಒಂದು ಸಹಜವಾದ ಭೂಮಿಕೆಯಾಗಬಲ್ಲದು. ಹೊಯ್ಸಳ ಶಿಲ್ಪಗಳ ವಸ್ತ್ರವಿನ್ಯಾಸವನ್ನು ಸೂಕ್ಷ್ಮವಾಗಿ ಅಳೆದು ದಾಖಲಿಸುವುದು, ಕಚ್ಚೆ ಮತ್ತು ನಿರಿಗೆಯ ಪ್ರಾದೇಶಿಕ ಕ್ರಮಗಳನ್ನು ಬಲ್ಲ ಹಿರಿಯರಿಂದ ಹಂತಹಂತವಾಗಿ ಗುರುತಿಸಿಕೊಳ್ಳುವುದು, ನಾಡಿನ ಕೈಮಗ್ಗದ ಬಟ್ಟೆಗಳ ಬಾಗುವ ಗುಣವನ್ನು ಅಳೆಯುವುದು ಇವು ಮೂರೂ ಶಿಲ್ಪಶಿಕ್ಷಣಕ್ಕೂ ಗಣಕಶಿಲ್ಪಕ್ಕೂ ಸಮಾನವಾಗಿ ಉಪಯೋಗವಾಗುವ ಕೆಲಸಗಳು. ಉಡುವ ಕ್ರಮವು ಬಹುಮಟ್ಟಿಗೆ ಕೈಯಿಂದ ಕೈಗೆ ಸಾಗಿಬಂದ ವಿದ್ಯೆಯಾದುದರಿಂದ, ಬಲ್ಲವರು ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.

ಗಾಂಧಾರ, ಸಾರನಾಥ, ಬೇಲೂರು, ನೇಪಲ್ಸ್, ಪ್ಯಾರಿಸ್ ಮತ್ತು ಗಣಕದ ತೆರೆ ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ವಸ್ತ್ರನಿರೂಪಣೆಯ ಇತಿಹಾಸವು ಅಪಕ್ವತೆಯಿಂದ ಯಥಾರ್ಥತೆಯತ್ತ ಸಾಗಿದ ನೇರ ದಾರಿಯಲ್ಲವೆಂದು ತಿಳಿಯುತ್ತದೆ. ಸುಕ್ಕನ್ನು ಕೆತ್ತಬಲ್ಲವರು ಅದನ್ನು ಕೈಬಿಟ್ಟದ್ದೂ ಉಂಟು. ಅಭ್ಯಾಸಕ್ಕಾಗಿ ಪಡೆದ ಮಡಿಕೆಗಳನ್ನು ಅಂತಿಮ ಕೃತಿಯಲ್ಲಿ ಅಳಿಸಿದ್ದೂ ಉಂಟು. ಇಂದು ಸುಕ್ಕನ್ನು ಲೆಕ್ಕ ಹಾಕುವ ಶ್ರಮವನ್ನು ಯಂತ್ರ ವಹಿಸಿಕೊಂಡಿದೆ. ನಿರಿಗೆ ಹಿಡಿಯುವ ತಿಳಿವಳಿಕೆ ಮತ್ತು ಎಷ್ಟನ್ನು ಉಳಿಸಬೇಕೆಂಬ ವಿವೇಚನೆ ಶಿಲ್ಪಿಯ ಹೊಣೆಯಾಗಿಯೇ ಮುಂದುವರಿದಿವೆ.